ಮಾನಸಿಕ ಆರೋಗ್ಯ ಸಮೀಕ್ಷೆಯ ಅಂಕಿ-ಅಂಶಗಳನ್ನು ಚಿತ್ರ ಮತ್ತು ಕಥೆಯ ಮೂಲಕ ಜನರಿಗೆ ತಿಳಿಸುವ ವಿಧಾನ

ಹಿನ್ನೆಲೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಇದಕ್ಕೆ ಪೂರ್ವಭಾವಿಯಾಗಿ ಸಮೀಕ್ಷಾ ವಿಧಾನವನ್ನು ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಪರೀಕ್ಷಿಸಲಾಗಿತ್ತು. ವರದಿಯ ಪ್ರಕಾರ ಖಿನ್ನತೆ, ಆತಂಕ, ಮದ್ಯವ್ಯಸನ ಮುಂತಾದ ಸಾಮಾನ್ಯ ಮಾನಸಿಕ ಕಾಯಿಲೆಗಳಲ್ಲಿ 'ಚಿಕಿತ್ಸಾ ಅಂತರ' ಶೇ. 85ರಷ್ಟಿದೆ. ಅಂದರೆ, ಕಾಯಿಲೆ ಇರುವ 100 ಜನರಲ್ಲಿ 85 ಜನರಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಇಂತಹ ಮಾಹಿತಿಯು ವರದಿಯಲ್ಲಿಯೇ ಉಳಿದಲ್ಲಿ ಚಿಕಿತ್ಸೆ ಬೇಕಾದವರಿಗೆ ಅದರಿಂದ ಪ್ರಯೋಜನವಾಗುವುದಿಲ್ಲ.

ಚಿತ್ರದ ಮೂಲಕ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಯಾವುದೇ ಗ್ರಾಮದ ಸ್ವಸಹಾಯ ಸಂಘದ ಸಭೆಯಲ್ಲಿ ಇದನ್ನು 20 ಅವರೆಕಾಳುಗಳಿಂದ ತೋರಿಸಬಹುದಾಗಿದೆ. ಕಾಯಿಲೆ ಇರುವ 20 ಜನರ ಪರವಾಗಿ ಕಾಳುಗಳನ್ನು ಸಾಲಾಗಿ ಇಟ್ಟು, ಚಿಕಿತ್ಸೆ ಪಡೆದವರ ಲೆಕ್ಕದ 3 ಕಾಳುಗಳನ್ನು ಬೇರ್ಪಡಿಸಬೇಕು. ಉಳಿದ 17 ಕಾಳುಗಳೇ ಶೇ. 85 ಎಂಬುದರ ಅರ್ಥ. ಗೋಡೆಪತ್ರದಲ್ಲಿ 20 ಮನುಷ್ಯರ ಚಿತ್ರ ಬರೆದು 17ಕ್ಕೆ ಬೇರೆ ಬಣ್ಣ ಕೊಡುವುದೂ ಇದೇ ವಿಧಾನ.

ಕಥೆಯ ಮೂಲಕ

ಕಾಳುಗಳು ಎಷ್ಟು ಜನ ಎಂಬುದನ್ನು ತಿಳಿಸುತ್ತವೆಯೇ ಹೊರತು ಏಕೆ ಎಂಬುದನ್ನು ತಿಳಿಸುವುದಿಲ್ಲ. ಉದಾಹರಣೆಗೆ, ತಿಂಗಳುಗಳಿಂದ ನಿದ್ರೆಯಿಲ್ಲದೆ, ಹೊಲದ ಕೆಲಸದಲ್ಲಿ ಆಸಕ್ತಿ ಕಳೆದುಕೊಂಡ ರೈತರೊಬ್ಬರನ್ನು ಮನೆಯವರು 'ಸೋಮಾರಿ' ಎನ್ನುತ್ತಾರೆ. 'ಜನ ಏನೆಂದಾರು' ಎಂಬ ಅಂಜಿಕೆಯಿಂದ ಅವರು ಆಸ್ಪತ್ರೆಗೆ ಹೋಗುವುದಿಲ್ಲ. ಆಶಾ ಕಾರ್ಯಕರ್ತೆಯ ಮಾತಿನಂತೆ ವೈದ್ಯರನ್ನು ಕಂಡ ನಂತರವೇ ಅದು ಖಿನ್ನತೆ ಎಂದು ತಿಳಿಯುತ್ತದೆ. ಇಂತಹ ಕಲ್ಪಿತ ಕಥೆಯನ್ನು ಕೇಳಿದವರು ತಮ್ಮ ಮನೆಯವರ ಲಕ್ಷಣಗಳನ್ನು ಗುರುತಿಸಲು ಅನುಕೂಲವಾಗುತ್ತದೆ.

ಗಮನಿಸಬೇಕಾದ ಅಂಶಗಳು

1. ಶೇ. 85 ಎಂಬುದು 12 ರಾಜ್ಯಗಳ ಒಟ್ಟು ಅಂಕಿ. ಮುಖ್ಯ ಸಮೀಕ್ಷೆಯ ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಆದ್ದರಿಂದ ಇದನ್ನು ಯಾವುದೇ ತಾಲ್ಲೂಕಿನ ಅಂಕಿ ಎಂದು ಹೇಳತಕ್ಕದ್ದಲ್ಲ.
2. 20 ಕಾಳುಗಳು ಕಾಯಿಲೆ ಇರುವವರನ್ನು ಮಾತ್ರ ಸೂಚಿಸುತ್ತವೆ, ಇಡೀ ಗ್ರಾಮವನ್ನಲ್ಲ. ತಂಬಾಕು ವ್ಯಸನವನ್ನು ಹೊರತುಪಡಿಸಿ, ಸಮೀಕ್ಷೆಯ ಸಮಯದಲ್ಲಿ ಮಾನಸಿಕ ಅಸ್ವಸ್ಥತೆ ಇದ್ದ ವಯಸ್ಕರು ಶೇ. 10.6 ಮಾತ್ರ. ಇದನ್ನು ಮೊದಲೇ ತಿಳಿಸಬೇಕು.
3. ಕಥೆಯು ಕಲ್ಪಿತವಾಗಿದ್ದಲ್ಲಿ ಹಾಗೆಂದು ತಿಳಿಸಬೇಕು. ನೈಜ ವ್ಯಕ್ತಿಯ ಗುರುತು ಸಿಗುವಂತೆ ಹೇಳಬಾರದು. ಚಿಕಿತ್ಸೆ ಪಡೆಯುತ್ತಿರುವವರ ಮಾಹಿತಿಯ ಗೋಪ್ಯತೆಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರಲ್ಲಿ ರಕ್ಷಣೆ ನೀಡಲಾಗಿದೆ.
4. 'ಹುಚ್ಚು' ಮುಂತಾದ ಪದಗಳನ್ನು ಬಳಸಬಾರದು.

ನೆರವು

ಸಭೆಯ ಕೊನೆಯಲ್ಲಿ ನೆರವು ದೊರೆಯುವ ಸ್ಥಳವನ್ನು ತಪ್ಪದೇ ತಿಳಿಸಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಸಾರ್ವಜನಿಕರು ಈ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಬಹುದಾಗಿದೆ.