ಅಜ್ಜನ ಹೊಲ, ಮೊಮ್ಮಗಳ ಪರೀಕ್ಷೆ

ಗದಗ ಸೀಮೆಯ ನಮ್ಮೂರಿನ ಮನೆಯ ಪಡಸಾಲೆಯಲ್ಲಿ ಈಗ ಬೆಳಗಿನ ಐದಕ್ಕೇ ದೀಪ ಹತ್ತುತ್ತದೆ. ಅಣ್ಣನ ಮಗಳು ನಬಾರ್ಡ್ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಾಳೆ. ಇದು ಎರಡನೆಯ ಸಲ. ಹೋದ ಸಲ ಮೊದಲ ಹಂತದಲ್ಲೇ ಕೈತಪ್ಪಿತು. ಈ ಸಲವೂ ಆಗದಿದ್ದರೆ ಓದಿದ್ದು ಸಾಕು, ಬಂದ ಸಂಬಂಧಗಳನ್ನು ನೋಡೋಣ ಎಂದು ಅಣ್ಣ ಹೇಳಿದ್ದಾನೆ. ಹೇಳಿದ್ದು ಒಂದೇ ಸಲ, ಆದರೆ ಮನೆಯಲ್ಲಿ ಎಲ್ಲರಿಗೂ ಕೇಳಿಸಿದೆ.

ನಮ್ಮ ಅಪ್ಪ ಮೊದಲು ಕೇಳಿದ್ದು, "ಇದು ಪಾಸಾದ್ರ ನಿನಗ ಏನ್ ಕೆಲಸಾ ಕೊಡ್ತಾರವ್ವಾ?"

"ಬ್ಯಾಂಕಿನ ಕೆಲಸ, ಅಜ್ಜಾ."

"ಅಂದ್ರ ರೊಕ್ಕಾ ಎಣಸೂದು?"

"ಅಲ್ಲಜ್ಜಾ. ನೀ ಸೊಸೈಟ್ಯಾಗ ಬೆಳಿಸಾಲ ತಗೋತೀಯಲ್ಲ, ಸೊಸೈಟಿಗೆ ರೊಕ್ಕ ಜಿಲ್ಲಾ ಸಹಕಾರಿ ಬ್ಯಾಂಕಿನಿಂದ ಬರ್ತದ. ಅದರ ಹಿಂದ ಬೆಂಗಳೂರಿನ ಅಪೆಕ್ಸ್ ಬ್ಯಾಂಕ್. ಅದರ ಹಿಂದ ನಬಾರ್ಡ್."

ಮಕ್ಕಳೇ, ನೀವು ಹುಂಡಿಯ ದುಡ್ಡು ಹಿಡಿದು ನಬಾರ್ಡಿಗೆ ಹೋದರೆ ಅಲ್ಲಿ ಪಾಸ್‌ಬುಕ್ ಕೊಡುವುದಿಲ್ಲ. ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬ್ಯಾಂಕ್. ಪೂರ್ತಿ ಹೆಸರು ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್. ಬಿ. ಶಿವರಾಮನ್ ಸಮಿತಿಯ ಶಿಫಾರಸಿನಂತೆ 1982ರ ಜುಲೈ 12ರಂದು ಹುಟ್ಟಿತು. ಕೇಂದ್ರ ಕಚೇರಿ ಮುಂಬೈಯಲ್ಲಿದೆ. ಒಂದು ಜಿಲ್ಲೆಯಲ್ಲಿ ಯಾವ ಬೆಳೆ, ಯಾವ ಕಸುಬಿಗೆ ಎಷ್ಟು ಸಾಲ ಬೇಕಾದೀತು ಎಂದು ವರ್ಷವರ್ಷ ಲೆಕ್ಕ ಹಾಕುವುದೂ ಇದರ ಅಧಿಕಾರಿಗಳ ಕೆಲಸ.

ಪರೀಕ್ಷೆ ಮೂರು ಹಂತದ್ದು. ಇತ್ತೀಚಿನ ವರ್ಷಗಳಲ್ಲಿ ಮೊದಲ ಹಂತದಲ್ಲಿ 120 ನಿಮಿಷಕ್ಕೆ 200 ಪ್ರಶ್ನೆಗಳು. ನಾಲ್ಕು ತಪ್ಪು ಮಾಡಿದರೆ ಒಂದು ಸರಿ ಉತ್ತರದ ಅಂಕ ಹೋದಂತೆ. ಗಣಿತ, ತರ್ಕ, ಇಂಗ್ಲಿಷ್, ಕಂಪ್ಯೂಟರ್ ಎಲ್ಲ ಇವೆ. ಆದರೆ ಭಾರವಾದವು ಎರಡು: ಆರ್ಥಿಕ ಮತ್ತು ಸಾಮಾಜಿಕ ವಿಷಯಕ್ಕೆ 40 ಅಂಕ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಗೆ 40. ಎರಡನೆಯ ಹಂತದಲ್ಲಿ ಇವೇ ವಿಷಯಗಳ ಮೇಲೆ ಉದ್ದ ಉತ್ತರ, ಅದೂ ಕೀಲಿಮಣೆ ಕುಟ್ಟಿ. ಆಮೇಲೆ ಸಂದರ್ಶನ. ಸಾಮಾನ್ಯ ಹುದ್ದೆಗಳಿಗೆ ಯಾವ ಪದವಿಯಾದರೂ ಆಗುತ್ತದೆ. ವಯಸ್ಸು 21ರಿಂದ 30, ಮೀಸಲಾತಿಯವರಿಗೆ ಸಡಿಲಿಕೆ ಉಂಟು. ಇವೆಲ್ಲ ಬದಲಾಗುವಂಥವು. ಆಯಾ ವರ್ಷದ ಅಧಿಸೂಚನೆಯನ್ನೇ ಓದಬೇಕು, ಪಕ್ಕದ ಮನೆಯವರ ಮಾತನ್ನಲ್ಲ.

ನಮ್ಮ ಹುಡುಗಿ ಓದಿದ್ದು ಬಿ.ಎ. ಕೃಷಿ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಹೋದ ಸಲ ಅವಳನ್ನು ಕೆಡವಿದ್ದು ಕೃಷಿಯ ಭಾಗವೇ. ರೈತನ ಮೊಮ್ಮಗಳು ಕೃಷಿಯಲ್ಲಿ ಎಡವಿದಳಲ್ಲ ಎಂದು ನನಗೆ ನಗು ಬಂದಿತ್ತು. ಅವಳಿಗೆ ಅಳು ಬಂದಿತ್ತು. ನಗಬಾರದಿತ್ತು.

ಬದಲಾವಣೆ ಶುರುವಾದದ್ದು ಒಂದು ಪದದಿಂದ. ಪುಸ್ತಕದಲ್ಲಿ 'ಡಸ್ಟ್ ಮಲ್ಚ್' ಎಂದಿತ್ತು. ಮಲ್ಚ್ ಎಂದರೆ ನೆಲದ ಮೇಲಿನ ಹೊದಿಕೆ. ಕಲ್ಲಂಗಡಿ ತೋಟದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ್ದನ್ನು ಅವಳು ಕಂಡಿದ್ದಳು. ಧೂಳೇ ಹೊದಿಕೆ ಆಗುವುದು ಹೇಗೆ? ನಾಲ್ಕು ಸಲ ಬಾಯಿಪಾಠ ಮಾಡಿದರೂ ತಲೆಗೆ ಹೋಗಲಿಲ್ಲ. ಗಟ್ಟಿಯಾಗಿ ಓದಿದ್ದು ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪನ ಕಿವಿಗೆ ಬಿತ್ತು. ಅರ್ಥ ಕೇಳಿದವರೇ, "ಏಳು, ಹೊಲಕ್ಕ ನಡಿ" ಎಂದರು.

ಜೋಳ ಮೊಣಕಾಲೆತ್ತರ ಬಂದಿತ್ತು. ನಮ್ಮದು ಎರೆ ಭೂಮಿ. ಅದರ ಜೇಡಿಯ ಕಣ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿದಾಗ ನೆಲ ಬಿರುಕು ಬಿಡುತ್ತದೆ. ಹಿಂಗಾರಿ ಜೋಳಕ್ಕೆ ಉತ್ತರಿ, ಹಸ್ತ ಮಳೆಯ ಹದದಲ್ಲಿ ಬಿತ್ತನೆ; ಮುಂದೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಣ್ಣೊಳಗೆ ಉಳಿದ ತೇವದ ಮೇಲೆಯೇ ಬೆಳೆ ಬರಬೇಕು. ಬಿರುಕು ಬಿಟ್ಟರೆ ಆ ಬಾಯಿಯ ಮೂಲಕ ಆಳದ ತೇವವೂ ಆರಿಹೋಗುತ್ತದೆ.

ಅಪ್ಪ ಒಂದು ಸೀಳಿನೊಳಗೆ ಮೊಮ್ಮಗಳ ಕೈ ಇಳಿಸಿದರು. ಮಣಿಕಟ್ಟಿನವರೆಗೂ ಹೋಯಿತು. ಆಮೇಲೆ, ಎಡೆ ಹೊಡೆದಿದ್ದ ಪಕ್ಕದ ಸಾಲು ತೋರಿಸಿದರು. ಎಡೆಕುಂಟೆ ಹಾಯ್ದಲ್ಲಿ ಮೇಲಿನ ಎರಡು ಬೆರಳಿನಷ್ಟು ಮಣ್ಣು ಪುಡಿಯಾಗಿ ಸೀಳಿನ ಬಾಯಿ ಮುಚ್ಚಿತ್ತು. ಕೈಯಿಂದ ಸ್ವಲ್ಪ ಸರಿಸಿದರೆ ಕೆಳಗೆ ತಂಪು.

"ಇದ ನೋಡು ನಿನ್ನ ಧೂಳಿನ ಹೊದಿಕಿ. ಕಸಾ ತೆಗ್ಯಾಕಷ್ಟ ಎಡಿ ಹೊಡಿತೀವಂತ ತಿಳಕೊಂಡೀ ಏನ? ನೆಲದ ಬಾಯಿ ಮುಚ್ಚಾಕೂ ಹೊಡಿತೀವಿ."

ಅಂದು ಸಂಜೆ ಅವಳು ಹೊಸ ನೋಟ್‌ಬುಕ್ಕಿಗೆ ನಡುವೆ ಗೆರೆ ಎಳೆದಳು. ಎಡಗಡೆ ಅಜ್ಜನ ಮಾತು, ಬಲಗಡೆ ಪುಸ್ತಕದ್ದು. ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಕನ್ನಡದಲ್ಲಿ ಉತ್ತರಿಸುವಂತಿಲ್ಲ. ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ, ಆದರೆ ಅವಳಿಗೆ ದೂರುತ್ತ ಕೂರಲು ಪುರುಸೊತ್ತಿಲ್ಲ. ಅಕ್ಕಡಿ ಸಾಲಿನ ಎದುರು ಇಂಟರ್‌ಕ್ರಾಪಿಂಗ್ ಬಂತು, ಕೂರಿಗೆಯ ಎದುರು ಸೀಡ್ ಡ್ರಿಲ್, ಒಡ್ಡಿನ ಎದುರು ಬಂಡಿಂಗ್. ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವು, ಕೊಯ್ಲೋತ್ತರ ಸಂಗ್ರಹಣೆಯ ಪಾಠದ ಎದುರು ಹೋಗಿ ಕುಳಿತಿತು. ಆರನೇ ತರಗತಿಯ ತಮ್ಮ ಎಡಗಡೆಯ ಪದ ಕೂಗುತ್ತಾನೆ, ಅಕ್ಕ ಬಲಗಡೆಯದು ಹೇಳಬೇಕು. ತಪ್ಪಿದರೆ ಒಂದು ಶೇಂಗಾ ಉಂಡೆ ಅವನಿಗೆ. ಒಂದೇ ವಾರದಲ್ಲಿ ಡಬ್ಬಿ ಖಾಲಿಯಾಯಿತು.

ಎಲ್ಲದಕ್ಕೂ ಅಜ್ಜನ ಹೊಲದಲ್ಲಿ ಉತ್ತರ ಇರುವುದಿಲ್ಲ. ಗೋದಿಗೆ ಮೊದಲ ನೀರು ಯಾವಾಗ ಎಂಬುದು ಪುಸ್ತಕದ ಪ್ರಶ್ನೆ. ಬಿತ್ತಿದ ಸುಮಾರು 21 ದಿನಕ್ಕೆ, ಬುಡದ ಬೇರು ಒಡೆಯುವಾಗ ಎಂಬುದು ಉತ್ತರ. "ಗೋದಿಗೆ ಯಾರರ ನೀರ ಹಾಯಸ್ತಾರೇನ?" ಎಂದು ಅಪ್ಪ ವಾದಕ್ಕೇ ಇಳಿದರು. ಅವರು ಬೆಳೆದದ್ದು ಎರೆ ಹೊಲದ ಜವೆ ಗೋದಿ, ಬರೀ ತೇವದ ಮೇಲೆ. ಪುಸ್ತಕದ್ದು ಪಂಜಾಬಿನ ಕಾಲುವೆಯ ಗೋದಿ. ಇಬ್ಬರೂ ಸರಿ, ಆದರೆ ಅಂಕ ಸಿಗುವುದು 21ಕ್ಕೆ. ಬಂಗಾಳದ ಸೆಣಬು, ಕರಾವಳಿಯ ಮೀನುಗಾರಿಕೆ ಬಂದಾಗ ಅಪ್ಪ ಸದ್ದಿಲ್ಲದೆ ಎಲೆ ಅಡಿಕೆ ಚೀಲಕ್ಕೆ ಕೈ ಹಾಕುತ್ತಾರೆ. ಕಾಯ್ದೆ, ಸಮಿತಿ, ಯೋಜನೆ, ಇಸವಿಗಳನ್ನು ಅವಳೇ ಕೂತು ಗಟ್ಟಿ ಮಾಡಬೇಕು. ಟೈಪಿಂಗನ್ನೂ.

ಇಸವಿಗಳಲ್ಲೊಂದು ಮಾತ್ರ ನಮ್ಮ ಮಗ್ಗುಲಲ್ಲೇ ಇತ್ತು. ಇಂಗ್ಲಿಷ್ ಟಿಪ್ಪಣಿಯಲ್ಲಿ, ಸಹಕಾರ ಪತ್ತಿನ ಸಂಘಗಳ ಕಾಯ್ದೆ 1904, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905 ಎಂದಿತ್ತು. ಮುಂದಿನ ಊರ ಹೆಸರನ್ನು ಅವಳು ತಿಂಗಳುಗಟ್ಟಲೆ ಏನೇನೋ ಮಾಡಿ ಓದುತ್ತಿದ್ದಳು. ಒಂದು ದಿನ ಅಪ್ಪ ಬಾಯಿ ಹಾಕಿದರು. "ಅದು ಕಣಗಿನಹಾಳ ಅಲ್ಲೇನ? ನಮ್ಮ ಬೀಗರೂರಿನ ಹಾದ್ಯಾಗ ಬರ್ತದಲ್ಲ!" ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಾಹುಕಾರರ ಬಡ್ಡಿಗೆ ಎದುರಾಗಿ ಸಂಘ ಕಟ್ಟಿದ ಊರು. ಮುಂದಿನ ಭಾನುವಾರ ಅಜ್ಜ, ಮೊಮ್ಮಕ್ಕಳು ಮೂವರೂ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬಂದರು. ಆ ಇಸವಿ ಈಗ ಆರನೇ ತರಗತಿಯವನಿಗೂ ಮರೆಯುವುದಿಲ್ಲ.

ಅವ್ವನ ಸರದಿ ಸ್ವಸಹಾಯ ಸಂಘದ ಪಾಠದಲ್ಲಿ ಬಂತು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಬೆಳೆಸಿತ್ತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಅಡವಿಲ್ಲದೆ ಕೊಟ್ಟ ಸಾಲ ಮರಳಿ ಬರುವುದು ಹೇಗೆ ಎಂದು ಮೊಮ್ಮಗಳು ಕೇಳಿದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಕಟ್ಟಲಿಲ್ಲಂದ್ರ ಮುಂದಿನ ಮಂಗಳವಾರ ಸಂಘಕ್ಕ ಮಾರಿ ಹ್ಯಾಂಗ ತೋರಸೂದು?" ಎಂದಳು. ಬಲಗಡೆ ಇದಕ್ಕೆ ಪುಸ್ತಕದವರು ಅರ್ಧ ಪುಟ ತೆಗೆದುಕೊಂಡಿದ್ದಾರೆ.

ಹೋದ ವಾರ ಅಪ್ಪ ತಾವೇ ಸಂದರ್ಶನ ಮಾಡುವುದಾಗಿ ಕುಳಿತರು. ಇನ್ನೂ ಮೊದಲ ಹಂತವೇ ಆಗಿಲ್ಲ ಎಂದರೆ ಕೇಳಲಿಲ್ಲ. ರುಮಾಲು ಸುತ್ತಿ, ಮೊಮ್ಮಗಳಿಗೆ 'ನೀವು' ಎಂದರು.

"ಸಾಲಾ ಮಾಡಿ ಬಿತ್ತಿದ ರೈತನ ಬೆಳಿ ಹೋತು. ನೀವು ಆಫೀಸರ್ ಅದೀರಿ. ಏನ್ ಮಾಡ್ತೀರಿ?"

"ಫಸಲ್ ಬಿಮಾ ಯೋಜನೆ ಐತ್ರಿ. 2016ರಿಂದ. ಮುಂಗಾರಿ ಆಹಾರ ಬೆಳೆಗೆ ರೈತ ಕಟ್ಟೂದು ನೂರಕ್ಕ ಎರಡು ರೂಪಾಯಿ, ಹಿಂಗಾರಿಗೆ ಒಂದೂವರಿ."

"ಆ ರೊಕ್ಕ ಬರೂದು ತಡಾ ಆತು."

"ಬರಗಾಲ ಅಂತ ಸರ್ಕಾರ ಘೋಷಣಾ ಮಾಡಿದ್ರ, ಬೆಳಿಸಾಲನ ಮಧ್ಯಮಾವಧಿ ಸಾಲಾ ಮಾಡಿ ಕಟ್ಟೂ ಗಡುವು ಮುಂದ ಹಾಕಬಹುದ್ರಿ. ಹೊಸಾ ಸಾಲಾನೂ ಕೊಡಬಹುದು."

ಉತ್ತರ ಸರಿಯಾಗಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೀತನಕ ಎತ್ತಿಗೆ ಮೇವು?" ಎಂದರು.

ಆ ಪ್ರಶ್ನೆ ಎಲ್ಲಿಂದ ಬಂತೆಂದು ಮನೆಯಲ್ಲಿ ದೊಡ್ಡವರಿಗೆ ಗೊತ್ತು. 1972ರ ಬರದಲ್ಲಿ ಅಪ್ಪನಿಗೆ ಹತ್ತೊಂಬತ್ತು ವರ್ಷ. ನನ್ನ ಅಜ್ಜ ಮೇವಿಗೂ ಕಾಳಿಗೂ ಸಾಹುಕಾರನ ಹತ್ತಿರ ಸಾಲ ತಂದು, ತೀರಿಸಲಾಗದೆ ಮೂರು ಎಕರೆ ಬರೆದುಕೊಟ್ಟರು. ಆ ಮೂರು ಎಕರೆ ನಮ್ಮ ಹೊಲಕ್ಕೆ ಹತ್ತಿಕೊಂಡೇ ಇದೆ. ಅಪ್ಪ ಇಂದಿಗೂ ಅದರ ಒಡ್ಡಿನ ಮೇಲೆ ಕಾಲಿಡುವುದಿಲ್ಲ. ಸುತ್ತು ಹಾಕಿ ಬರುತ್ತಾರೆ. ಮೊಮ್ಮಕ್ಕಳಿಗೆ ಈ ಕಥೆ ಹೇಳಿದ್ದು ಅಂದೇ ಮೊದಲು. ಅಣ್ಣ ಬಾಗಿಲ ಹತ್ತಿರ ನಿಂತು ಕೇಳಿದ.

ಹುಡುಗಿ ಆ ಪ್ರಶ್ನೆಯನ್ನು ನೋಟ್‌ಬುಕ್ಕಿನ ಎಡಗಡೆ ಬರೆದುಕೊಂಡಳು. ಬಲಗಡೆ ಇನ್ನೂ ಖಾಲಿಯಿದೆ.

ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಪರೀಕ್ಷೆ. ಮೊದಲ ಬಸ್ಸಿಗೆ ಅವಳ ಜೊತೆ ಯಾರು ಹೋಗಬೇಕೆಂದು ಈಗ ಅಪ್ಪನಿಗೂ ಅಣ್ಣನಿಗೂ ಜಗಳ ನಡೆದಿದೆ.