ಲೈನ್ ಮನೆಯ ಚಳಿಗೆ ಉಳಿಕೆ ಉಲ್ಲನ್

ಆರಿದ್ರೆ ಮಳೆ ಹಿಡಿಯಿತೆಂದರೆ ಪುನರ್ವಸು, ಪುಷ್ಯ ಕಳೆಯುವವರೆಗೆ ಸಕಲೇಶಪುರದ ಕಡೆ ಹೊರಗಿನ ಕೆಲಸವೆಲ್ಲ ಮಳೆ ಹೊಳವಾಗುವ ಹೊತ್ತನ್ನೇ ಕಾಯಬೇಕು. ಹೆತ್ತೂರು, ಬಿಸಿಲೆ ಕಡೆಯ ತೋಟದ ಮನೆಗಳಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳುವವರಿಲ್ಲ. ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತವರ ಕೈಗೆ ಕ್ರೋಶಾ ಕಡ್ಡಿ ಬರುವುದು ಆಗಲೇ. ಕಡ್ಡಿಯ ಹಿಂದೆಯೇ ಬೀರುವಿನ ತಳದಿಂದ ಒಂದು ಚೀಲವೂ ಬರುತ್ತದೆ. ಮಗುವಿನ ಕುಲಾವಿಗೆಂದು ತಂದು ಮಿಕ್ಕ ತಿಳಿನೀಲಿ, ಸ್ವೆಟರಿನ ತೋಳು ಮುಗಿದ ಮೇಲೂ ಉಳಿದ ಮರೂನ್, ಬಾಗಿಲ ತೋರಣದ ಹಸಿರು, ಯಾವುದಕ್ಕೆ ತಂದದ್ದೆಂದು ಈಗ ಯಾರಿಗೂ ನೆನಪಿಲ್ಲದ ಅರಿಶಿನ ಬಣ್ಣದ ಅರ್ಧ ಉಂಡೆ. ಎಲ್ಲ ಒಂದಕ್ಕೊಂದು ಸಿಕ್ಕುಗಟ್ಟಿ ಕೂತಿರುತ್ತವೆ.

ಹೆಣೆಯುವವರ ಮನೆಯಲ್ಲಿ ಹೀಗೆ ಉಳಿಯುವುದು ಲೆಕ್ಕ ತಪ್ಪಿದ್ದರಿಂದಲ್ಲ. ಉಲ್ಲನ್ನಿಗೆ ಬಣ್ಣ ಹಾಕುವುದು ಒಂದೊಂದು ಪಾಳಿಯಲ್ಲಿ. ಒಂದು ಪಾಳಿಯ ಕೆಂಪಿಗೂ ಮುಂದಿನ ಪಾಳಿಯ ಕೆಂಪಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಉಂಡೆಯ ಪಟ್ಟಿಯ ಮೇಲೆ ಲಾಟ್ ನಂಬರು ಅಚ್ಚು ಹಾಕುವುದು ಅದಕ್ಕೇ. ಅರ್ಧ ಸ್ವೆಟರಿಗೆ ನೂಲು ಮುಗಿದರೆ ಹಾಸನಕ್ಕೋ ಬೆಂಗಳೂರಿನ ಚಿಕ್ಕಪೇಟೆಗೋ ಓಡಿದರೂ ಅದೇ ಲಾಟು ಸಿಗುವ ಭರವಸೆ ಇಲ್ಲ. ಹಾಗಾಗಿ ತಿಳಿದವರು ಮೊದಲೇ ಒಂದು ಉಂಡೆ ಹೆಚ್ಚಿಗೆ ತರುತ್ತಾರೆ. ಹತ್ತಾರು ವರ್ಷದ ಈ ಎಚ್ಚರಿಕೆಯೇ ಬೀರುವಿನಲ್ಲಿ ಚೀಲವಾಗಿ ತುಂಬಿರುವುದು.

ಅದನ್ನು ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ರೂಢಿಯ ಉತ್ತರಗಳಿವೆ: ಬಾಗಿಲಿಗೆ ತೋರಣ, ಟಿ.ವಿ.ಗೆ ಮುಸುಕು, ಆರತಿ ತಟ್ಟೆಗೆ ಅಂಚು, ಷೋಕೇಸಿನ ಗಿಳಿ. ಮಾಡಿದ ಕೈಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಮನೆಯಲ್ಲಿ ಆಗಲೇ ಮೂರು ತೋರಣ ಇರುವಾಗ ನಾಲ್ಕನೆಯದು ಬೇಡ ಎಂದೇ ನನ್ನ ವಾದ. ಉಲ್ಲನ್ನಿನ ಗುಣ ಬೆಚ್ಚಗಿಡುವುದು. ಡಿಸೆಂಬರಿನಲ್ಲಿ ಬೆಳಗಿನ ಮಂಜು ಇಳಿಯುವ ಈ ಬೆಟ್ಟಗಳಲ್ಲಿ ಬೆಚ್ಚಗಿರಬೇಕಾದ ಮೈಗಳು ಬಹಳ ಇವೆ. ಚೀಲದಲ್ಲಿ ಉಳಿದದ್ದು ಮೊದಲು ಅವರಿಗೆ ಸಲ್ಲಬೇಕು.

ತುಂಡು ನೂಲಿಗೆ ಕ್ರೋಶಾ ಬಹಳ ಒಗ್ಗುತ್ತದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಜೀವಂತವಾಗಿರಬೇಕು, ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ. ಕ್ರೋಶಾದಲ್ಲಿ ಬಾಕಿ ಇರುವುದು ಒಂದೇ ಕುಣಿಕೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಲ್ಲಿ ಬೇಕಾದರೂ ಬಣ್ಣ ಬದಲಿಸಬಹುದು, ಮೊಳದುದ್ದದ ಎಳೆಯೂ ವ್ಯರ್ಥವಲ್ಲ. ಒಂದು ಸುತ್ತಿಗೆ ಒಂದು ಬಣ್ಣದಂತೆ ನಡುವಿನಿಂದ ಹೊರಕ್ಕೆ ಬೆಳೆಯುವ 'ಗ್ರಾನಿ ಸ್ಕ್ವೇರ್' ಎಂಬ ಚೌಕ ಜಗತ್ತಿನಾದ್ಯಂತ ಹಬ್ಬಿದ್ದು ಈ ಅನುಕೂಲದಿಂದ. ಅಚ್ಚಿನಲ್ಲಿ ಅದರ ಮೊದಲ ಮಾದರಿಗಳಲ್ಲೊಂದು 1885ರಲ್ಲಿ ಅಮೆರಿಕದ 'ಪ್ರೇರಿ ಫಾರ್ಮರ್' ಎಂಬ ರೈತ ಪತ್ರಿಕೆಯಲ್ಲಿ ಬಂದಿತು. ತುಂಡು ಕೂಡಿಸುವ ಆ ಯೋಚನೆ ನಮಗೇನೂ ಹೊಸದಲ್ಲ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಕುಪ್ಪಸದ ಚೂರುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಲೇ ಬಂದಿದ್ದಾರೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿಗಳನ್ನು ಇವತ್ತು ಕಲಾಕೃತಿಗಳೆಂದು ಗೋಡೆಗೆ ತೂಗುಹಾಕುತ್ತಾರೆ. ಅವು ಹುಟ್ಟಿದ್ದು ಮಾತ್ರ ಮಕ್ಕಳಿಗೆ ಹೊದೆಸಲಿಕ್ಕೆ.

ಚೀಲ ಸುರಿದುಕೊಂಡವರು ಮಾಡುವ ಮೊದಲ ಕೆಲಸ ಬಣ್ಣ ಬಣ್ಣ ಬೇರೆ ಮಾಡುವುದು. ಬಣ್ಣದ ಸರದಿ ಕೊನೆಗೆ ಬರಲಿ. ಮೊದಲು ನೋಡಬೇಕಾದ್ದು ನೂಲು ಯಾವುದರದ್ದು ಎಂದು. ಅಂಗಡಿಯಲ್ಲಿ ಉಲ್ಲನ್ ಎಂದು ತೂಗಿ ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್, ಪೆಟ್ರೋಲಿಯಂ ಮೂಲದ್ದು. ಪಟ್ಟಿ ಕಳೆದುಹೋಗಿದ್ದರೆ ಬೆರಳುದ್ದದ ಎಳೆಯನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಸುಟ್ಟು ನೋಡಬಹುದು. ಕುರಿಯ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಒತ್ತಿದರೆ ಪುಡಿಯಾಗುವ ಬೂದಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ.

ಈ ಪರೀಕ್ಷೆಯನ್ನು ನಾನು ಒತ್ತಿ ಹೇಳಲು ಕಾರಣ ನಮ್ಮ ಕಡೆಯ ಬದುಕೇ. ಸೌದೆಯ ಒಲೆ, ಬಚ್ಚಲ ಹಂಡೆಯ ಉರಿ, ಮಳೆಗಾಲದಲ್ಲಿ ಕೆಂಡದ ಸುತ್ತ ಕೂರುವ ಮಕ್ಕಳು. ಉಣ್ಣೆಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ, ಹತ್ತಿದರೂ ಉರಿ ತಾನಾಗಿ ಆರುತ್ತ ಬರುತ್ತದೆ. ಅಕ್ರಿಲಿಕ್ ಹಾಗಲ್ಲ, ಉರಿಯುತ್ತ ಕರಗಿ ಚರ್ಮಕ್ಕೆ ಅಂಟುತ್ತದೆ. ಬಿಸಿ ಪಾತ್ರೆ ಇಳಿಸುವ ಬಟ್ಟೆಯನ್ನು ಉಳಿಕೆ ಅಕ್ರಿಲಿಕ್‌ನಲ್ಲಿ ಹೆಣೆಯುವ ರೂಢಿ ಇದೆ; ಅದನ್ನು ದಯವಿಟ್ಟು ಬಿಡಿ. ಅದಕ್ಕೆ ಹತ್ತಿಯ ನೂಲೇ ಆಗಬೇಕು. ಅಕ್ರಿಲಿಕ್‌ನ ಟೋಪಿ, ಹೊದಿಕೆಗಳನ್ನು ಕೊಡುವಾಗಲೂ ಒಲೆಯಿಂದ ದೂರವಿಡಿ ಎಂದು ಒಂದು ಮಾತು ಹೇಳಿಯೇ ಕೊಡಬೇಕು. ಹಾಗೆಂದು ಅಕ್ರಿಲಿಕ್ ಕೀಳಲ್ಲ. ಅದಕ್ಕೆ ನುಸಿ ಹತ್ತುವುದಿಲ್ಲ, ಒಗೆದರೆ ಕುಗ್ಗುವುದಿಲ್ಲ, ಒದ್ದೆ ಹವೆಯಲ್ಲೂ ಬೇಗ ಆರುತ್ತದೆ. ಕಾರ್ಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುವ ಊರಿನಲ್ಲಿ ಇದು ಸಣ್ಣ ಗುಣವಲ್ಲ.

ಆಮೇಲೆ ದಪ್ಪ. ತೆಳು, ನಡುವಿನದು, ದಪ್ಪನೆಯದು ಎಂದು ಮೂರು ಗುಡ್ಡೆ ಸಾಕು. ತೆಳು ನೂಲಿನ ಎರಡೆಳೆ ಕೂಡಿಸಿದರೆ ನಡುವಿನದಕ್ಕೆ ಹತ್ತಿರ ಬರುತ್ತದೆ. ಸೀರೆಗೆ ಕುಚ್ಚು ಕಟ್ಟಿ ಮಿಕ್ಕ ರೇಷ್ಮೆ ದಾರವನ್ನು ಮಾತ್ರ ಇದಕ್ಕೆ ಬೆರೆಸಬೇಡಿ, ಅದು ಜಾರುತ್ತದೆ.

ಇನ್ನು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಕೆಲಸ ಹಗುರ. ನಡುವಿನ ದಪ್ಪದ ನೂಲು, 4 ಮಿಲಿಮೀಟರ್ ಕಡ್ಡಿ. ಅಂಗೈಯಗಲದ, ಸುಮಾರು 10 ಸೆಂಟಿಮೀಟರಿನ ಚೌಕಕ್ಕೆ ಎಂಟರಿಂದ ಹತ್ತು ಗ್ರಾಂ ಹಿಡಿಯುತ್ತದೆ. 80 ಸೆಂಟಿಮೀಟರ್ ಉದ್ದಗಲದ ಮಗುವಿನ ಹೊದಿಕೆಗೆ 64 ಚೌಕ, ಅಂದರೆ ಅಂಚು ಸೇರಿ ಮುಕ್ಕಾಲು ಕೆಜಿಯ ಆಸುಪಾಸು. ಒಂದು ಮನೆಯ ಚೀಲದಲ್ಲಿ ಅಷ್ಟು ಇರಲಾರದು, ನಾಲ್ಕು ಮನೆಯದು ಕೂಡಿದರೆ ಆಗುತ್ತದೆ. ಕೈಯಲ್ಲಿರುವ ಎಳೆ ಇನ್ನೊಂದು ಸಾಲಿಗೆ ಸಾಕಾಗುತ್ತದೋ ಇಲ್ಲವೋ ಎಂಬ ಅನುಮಾನಕ್ಕೂ ಉಪಾಯವಿದೆ. ಸಿಂಗಲ್ ಕ್ರೋಶಾದ ಒಂದು ಸಾಲಿಗೆ ಸಾಲಿನ ಅಗಲದ ಮೂರರಿಂದ ನಾಲ್ಕು ಪಟ್ಟು ನೂಲು ಬೇಕು. ಅಷ್ಟಿಲ್ಲದಿದ್ದರೆ ಅಲ್ಲೇ ಬಣ್ಣ ಬದಲಿಸಿ. ಬಣ್ಣ ಬದಲಿಸಿದಲ್ಲಿ ಉಳಿಯುವ ನೂಲಿನ ಬಾಲಗಳನ್ನು ಒಂದೊಂದು ಚೌಕ ಮುಗಿದಾಗಲೇ ಸೂಜಿಯಿಂದ ಒಳಸೇರಿಸಬೇಕು. ಕೊನೆಗೆ ನೋಡೋಣ ಎಂದು ಬಿಟ್ಟ ಬಾಲಗಳ ದೆಸೆಯಿಂದಲೇ ಎಷ್ಟೋ ಹೊದಿಕೆಗಳು ಅರ್ಧಕ್ಕೆ ನಿಂತಿವೆ.

ಹತ್ತು ಮನೆಯ ಹತ್ತು ಬಣ್ಣ ಒಂದೆಡೆ ಬಂದಾಗ ಕಣ್ಣಿಗೆ ಗದ್ದಲವಾಗುವುದು ನಿಜ. ಎಲ್ಲ ಚೌಕಗಳ ಕೊನೆಯ ಸುತ್ತನ್ನು ಒಂದೇ ಬಣ್ಣದಲ್ಲಿ ಹಾಕಿದರೆ ಗದ್ದಲ ತಣಿಯುತ್ತದೆ. ಆ ಒಂದು ಬಣ್ಣವನ್ನು ಹೊಸದಾಗಿ ಕೊಳ್ಳಬೇಕಾದೀತು, ಕೊಳ್ಳಿ. ಅದರಾಚೆಗೆ ಹೊಸ ಉಂಡೆ ತಂದರೆ ಮುಂದಿನ ವರ್ಷಕ್ಕೆ ಇನ್ನೊಂದು ಚೀಲ ತುಂಬುತ್ತದೆ. ನನ್ನ ಆಯ್ಕೆ ಕಡು ಕಂದು. ಕೆಮ್ಮಣ್ಣಿನ ಅಂಗಳದಲ್ಲಿ ಎಳೆದಾಡುವ ಹೊದಿಕೆಗೆ ಬಿಳಿ ಅಂಚು ಬಾಳುವುದಿಲ್ಲ.

ಚೌಕ ಬೇಸರ ತರಿಸಿದವರಿಗೆ ಮಾದರಿ ಊರ ತಲೆಯ ಮೇಲೆಯೇ ಇದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯ ನಕ್ಷೆ ಎಂಟು ಮೂಲೆಯ ನಕ್ಷತ್ರ. ನಡುವೆ ಹದಿನಾರು ಹೊಲಿಗೆಯ ವೃತ್ತ ಹಾಕಿ, ಎರಡೆರಡು ಹೊಲಿಗೆಗೆ ಒಂದು ಮೊನೆ ಎತ್ತುತ್ತ ಹೋದರೆ ಎಂಟು ಮೊನೆ ತಾನಾಗಿ ಕೂರುತ್ತವೆ. ಎರಡು-ಮೂರು ಗ್ರಾಂ ಉಳಿದ ಬಣ್ಣಗಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಟೋಪಿಯ ನೆತ್ತಿಗೆ, ಹೊದಿಕೆಯ ನಡುವಿಗೆ ಹೊಂದುತ್ತದೆ.

ಈಗ ಲೈನ್ ಮನೆಗಳ, ಅಂದರೆ ತೋಟದ ಆಳುಗಳ ಸಾಲು ಮನೆಗಳ ಮಾತು. ಕಾಫಿ ಕೊಯ್ಲು ಶುರುವಾಗುವುದು ನವೆಂಬರಿನ ಹೊತ್ತಿಗೆ. ಮೊದಲು ಅರೇಬಿಕಾ, ಅದು ಮುಗಿಯುತ್ತ ಬಂದಂತೆ ರೋಬಸ್ಟಾ. ಈ ಕೊಯ್ಲಿಗೆ ಜನ ಬರುವುದು ಈಗ ಬಯಲುಸೀಮೆಯಿಂದ ಮಾತ್ರವಲ್ಲ, ಅಸ್ಸಾಂ, ಬಂಗಾಳದಿಂದಲೂ. ಕೂಸುಗಳನ್ನು ಕಟ್ಟಿಕೊಂಡು ಬರುತ್ತಾರೆ. ಅಪ್ಪ-ಅಮ್ಮ ಗಿಡದ ಸಾಲಿಗೆ ಹೋಗುವ ಹೊತ್ತಿಗೆ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿರುತ್ತದೆ, ಮಕ್ಕಳು ಲೈನ್ ಮನೆಯ ಜಗಲಿಯ ಮೇಲೆ ಬಿಸಿಲು ಕಾಯುತ್ತಿರುತ್ತಾರೆ. ಹಿಂದೆ ಆಳುಗಳ ತಲೆಯ ಮೇಲೆ ಕಂಬಳಿ ಕೊಪ್ಪೆ ಇರುತ್ತಿತ್ತು, ಅದೇ ರಾತ್ರಿಯ ಹೊದಿಕೆಯೂ ಆಗುತ್ತಿತ್ತು. ಪ್ಲಾಸ್ಟಿಕ್ ಬಂದು ಮಳೆಯನ್ನು ತಡೆಯಿತು, ರಾತ್ರಿಯ ಬಿಸುಪು ಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕೈ ಬಿಡುವಾಗಿರುತ್ತದೆ, ನವೆಂಬರಿಗೆ ಅವರಿಗೆ ಹೊದಿಕೆ ಬೇಕಾಗುತ್ತದೆ. ಇಷ್ಟು ಸರಿಯಾಗಿ ಕೂಡಿಬರುವ ಕಾಲವನ್ನು ತೋರಣಕ್ಕೆ ಕಳೆಯಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಬಿಡಿ ಚೌಕಗಳನ್ನು ಕೂಡಿಸಿ ದೊಡ್ಡದು ಮಾಡುವುದರ ಶಕ್ತಿಯನ್ನು ಚೆನ್ನೈನಲ್ಲಿ ಹುಟ್ಟಿದ 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಬಳಗ ತೋರಿಸಿದೆ. 2016ರ ಜನವರಿ 31ರಂದು ಅವರು ಹಾಸಿದ ಹೊದಿಕೆಯ ವಿಸ್ತೀರ್ಣ 11,148.5 ಚದರ ಮೀಟರ್, ಆಗಿನ ಗಿನ್ನೆಸ್ ದಾಖಲೆ. ಹೆಣೆದವರು ದೇಶದ ನಾನಾ ಕಡೆಯ ಹೆಂಗಸರು, ತಮ್ಮ ತಮ್ಮ ಮನೆಯಲ್ಲಿ ಕೂತು. ನಮಗೆ ದಾಖಲೆ ಬೇಕಿಲ್ಲ. ಒಂದು ತೋಟದ ಲೈನಿನಲ್ಲಿರುವ ಮಕ್ಕಳಿಗೆ ಸಾಲುವಷ್ಟಾದರೆ ಆಯಿತು. ಚೌಕಗಳನ್ನು ಕೂಡಿಹಾಕಲು ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿವೆ, ಅಂಗನವಾಡಿಗಳಿವೆ. ಪಕ್ಕದ ಆಲೂರಿನ ಕಡೆಯದು ಅರೆಮಲೆನಾಡು. ಅಲ್ಲಿ ಮಳೆ ಕಡಿಮೆ, ಶುಂಠಿ, ಜೋಳದ ಹೊಲದ ಕೆಲಸ ಹೆಚ್ಚು, ಕೂತು ಹೆಣೆಯುವ ಬಿಡುವು ಸಕಲೇಶಪುರದಷ್ಟಿಲ್ಲ. ಹೆಣೆಯಲಾಗದವರು ಚೀಲ ಕೊಟ್ಟರೂ ಸಾಕು.

ಕೂಸುಗಳಿಗೆ ಹೆಣೆಯುವಾಗ ಒಂದು ಎಚ್ಚರ. ಕಾಲುಚೀಲದ ಒಳಗೆ ಸಡಿಲ ಎಳೆ ಉಳಿಯಲೇಬಾರದು, ಅದು ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ. ಮುಗಿಸಿದ ಮೇಲೆ ಒಳಮೈ ಹೊರಗೆ ಮಾಡಿ ಬೆರಳಾಡಿಸಿ ನೋಡಿ. ನವಿರುಕೂದಲಿನ ಉಲ್ಲನ್ ಬಾಯಿಗೆ ಹೋಗುತ್ತದೆ, ಅದು ದೊಡ್ಡವರ ಮಫ್ಲರಿಗಿರಲಿ.

ಚೌಕಗಳೆಲ್ಲ ಸೆಪ್ಟೆಂಬರಿನೊಳಗೆ ಒಂದು ಕಡೆ ಸೇರಿದರೆ ಜೋಡಿಸಲು ಒಂದು ತಿಂಗಳು ಸಿಗುತ್ತದೆ. ಒಗೆಯುವುದು ಅಕ್ಟೋಬರಿನ ಬಿಸಿಲು ಬಿದ್ದ ಮೇಲೆ, ತಣ್ಣೀರಿನಲ್ಲಿ, ಹಿಂಡದೆ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಆಕಾರ ಕೆಡುತ್ತದೆ. ಕಾಫಿ ಒಣಗಿಸುವ ಕಣ ಆಗಿನ್ನೂ ಖಾಲಿ ಇರುತ್ತದೆ. ಅಲ್ಲೇ ಒಂದು ಹಳೆಯ ಚಾಪೆ ಹಾಸಿ, ಮಟ್ಟಸವಾಗಿ ಹರಡಿ ಒಣಗಿಸಬಹುದು.