ಪರರ ಬಾಯಲ್ಲಿ ಹೆಣ್ಣಿನ ದೇಹ: ಎರಡು ಕೊರಿಯನ್ ಕಾದಂಬರಿಗಳು

ಸ್ತ್ರೀಯ ದೇಹದ ಮೇಲೆ ಅಧಿಕಾರ ಯಾರದು ಎಂಬುದು ಸಮಕಾಲೀನ ಕೊರಿಯನ್ ಕಥಾಸಾಹಿತ್ಯವು ಮತ್ತೆ ಮತ್ತೆ ಎತ್ತುತ್ತ ಬಂದಿರುವ ಪ್ರಶ್ನೆ. ಇದಕ್ಕೊಂದು ಸಾಮಾಜಿಕ ಹಿನ್ನೆಲೆಯಿದೆ. ಕುಟುಂಬದ ಯಜಮಾನಿಕೆಯನ್ನು ಗಂಡಿನ ವಂಶಕ್ಕೆ ಕಟ್ಟಿದ್ದ 'ಹೋಜು' ಪದ್ಧತಿಯು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ದಕ್ಷಿಣ ಕೊರಿಯಾದ ಸಂವಿಧಾನ ನ್ಯಾಯಾಲಯ 2005ರಲ್ಲಿ ತೀರ್ಪಿತ್ತಿತು. 2008ರಲ್ಲಿ ಅದು ರದ್ದಾಯಿತು. ಈ ಸಂಧಿಕಾಲದಲ್ಲಿಯೇ, 2007ರಲ್ಲಿ, ಹಾನ್ ಕಾಂಗ್ ಅವರ 'ಸಸ್ಯಾಹಾರಿ' ಕಾದಂಬರಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಈ ಲೇಖಕಿಗೆ 2024ರ ನೊಬೆಲ್ ಪ್ರಶಸ್ತಿ ಸಂದಿದೆ.

ಯೊಂಗ್‌ಹೆ ಎಂಬ ಸಾಮಾನ್ಯ ಗೃಹಿಣಿ ರಕ್ತಸಿಕ್ತವಾದೊಂದು ಕನಸು ಕಂಡು ಮಾಂಸಾಹಾರವನ್ನು ತ್ಯಜಿಸುತ್ತಾಳೆ. ಇಲ್ಲಿ ಭಾರತೀಯ ಓದುಗರು ಎಚ್ಚರದಿಂದಿರಬೇಕು. ನಮ್ಮಲ್ಲಿ ಸಸ್ಯಾಹಾರವು ಜಾತಿ, ಮಡಿಗಳ ಅರ್ಥವನ್ನು ಹೊತ್ತಿದೆ. ಯೊಂಗ್‌ಹೆಯ ನಡೆಗೆ ಅಂಥ ಯಾವ ಆಚಾರದ ಬೆಂಬಲವೂ ಇಲ್ಲ. ಅದು ಒಬ್ಬಳೇ ಹೆಣ್ಣು ತುಂಬಿದ ಮನೆಯಲ್ಲಿ ಹೇಳಿದ 'ಒಲ್ಲೆ'. ಆದುದರಿಂದಲೇ ತಂದೆ ಅವಳನ್ನು ಹೊಡೆದು, ಬಲವಂತವಾಗಿ ಬಾಯಿಗೆ ಮಾಂಸ ತುರುಕುತ್ತಾನೆ; ಅವಳು ತನ್ನ ಮಣಿಕಟ್ಟನ್ನೇ ಕೊಯ್ದುಕೊಳ್ಳುತ್ತಾಳೆ.

ಕಾದಂಬರಿಯ ಮೂರು ಭಾಗಗಳು ಕ್ರಮವಾಗಿ ಗಂಡ, ಭಾವ ಮತ್ತು ಅಕ್ಕನ ದೃಷ್ಟಿಯಿಂದ ಸಾಗುತ್ತವೆ. ಯೊಂಗ್‌ಹೆಯ ಸ್ವಂತ ದನಿ ಕನಸಿನ ಕೆಲವು ತುಣುಕುಗಳಲ್ಲಿ ಮಾತ್ರ ಕೇಳಿಸುತ್ತದೆ. ಗಂಡನಿಗೆ ಅದು ಸಂಸಾರಕ್ಕೆ ಒದಗಬೇಕಾದ ದೇಹ. ಕಲಾವಿದನಾದ ಭಾವನಿಗೆ ಹೂಗಳನ್ನು ಚಿತ್ರಿಸಲು ದೊರೆತ ದೇಹ. ಆಸ್ಪತ್ರೆಗೆ ನಳಿಕೆಯಿಂದ ಉಣಿಸಿ ಉಳಿಸಬೇಕಾದ ದೇಹ. ದೇಹ ಅವಳದು, ಅದರ ಅರ್ಥ ಮಾತ್ರ ಪರರದು.

2016ರಲ್ಲಿ ಪ್ರಕಟವಾದ ಚೋ ನಾಮ್‌ಜೂ ಅವರ 'ಕಿಮ್ ಜಿಯೋಂಗ್, ಜನನ 1982' ಶೈಲಿಯಲ್ಲಿ ಇದಕ್ಕೆ ತೀರ ಭಿನ್ನ. ಅದು ವರದಿಯಂತೆ ನೇರವಾಗಿದೆ. ಮೂರನೆಯದೂ ಹೆಣ್ಣೆಂದು ತಿಳಿದಾಗ ಜಿಯೋಂಗಳ ತಾಯಿ ಗರ್ಭಪಾತ ಮಾಡಿಸಿಕೊಳ್ಳುತ್ತಾಳೆ. ಗರ್ಭಪಾತವನ್ನು ಶಿಕ್ಷಾರ್ಹಗೊಳಿಸಿದ್ದ ಕಾನೂನು 2019ರ ತೀರ್ಪಿನ ಫಲವಾಗಿ 2021ರಿಂದ ಬಲ ಕಳೆದುಕೊಂಡಿತು. ಆ ತಾಯಿಯ ಕಾಲದಲ್ಲಿ ಕಾನೂನು ಬೇಡವೆನ್ನುತ್ತಿತ್ತು, ಗಂಡುಮಗುವಿಗಾಗಿ ಕಾದ ಕುಟುಂಬ ಬೇಕೆನ್ನುತ್ತಿತ್ತು. ಅವಳ ಇಚ್ಛೆಯನ್ನು ಎರಡೂ ಕೇಳಲಿಲ್ಲ. ಇಲ್ಲಿಯೂ ನಿರೂಪಕ ಪರನೇ. ಇಡೀ ಕಥೆ ಪುರುಷ ಮನೋವೈದ್ಯನೊಬ್ಬನ ದಾಖಲೆಯೆಂದು ಕೊನೆಯಲ್ಲಿ ತಿಳಿಯುತ್ತದೆ. ಜಿಯೋಂಗಳನ್ನು ಅರ್ಥಮಾಡಿಕೊಂಡೆನೆನ್ನುವ ಆತನೇ, ಗರ್ಭಿಣಿಯಾದ ಸಹೋದ್ಯೋಗಿ ಕೆಲಸ ಬಿಟ್ಟಾಗ, ಅವಳ ಜಾಗಕ್ಕೆ ಅವಿವಾಹಿತೆಯನ್ನೇ ತರಬೇಕೆಂದು ನಿಶ್ಚಯಿಸುತ್ತಾನೆ. ಸಹಾನುಭೂತಿಯೇ ನ್ಯಾಯವಲ್ಲ ಎಂಬುದನ್ನು ಇದಕ್ಕಿಂತ ಕಟುವಾಗಿ ಹೇಳುವುದು ಕಷ್ಟ.

ಹಾಗಾದರೆ ಮರವಾಗಲು ಹಂಬಲಿಸಿ ಅನ್ನವನ್ನೇ ಬಿಟ್ಟ ಯೊಂಗ್‌ಹೆಯದು ಬಿಡುಗಡೆಯೋ, ವಿನಾಶವೋ? ಹಾನ್ ಕಾಂಗ್ ತೀರ್ಪು ಕೊಡುವುದಿಲ್ಲ. ಆದರೆ ಎಲ್ಲರ ಮಾತಿಗೂ ತಲೆಬಾಗಿ ಬದುಕಿದ ಅಕ್ಕ ಇನ್‌ಹೆ, ತಂಗಿಗೆ ಬಲವಂತವಾಗಿ ಉಣಿಸುವುದನ್ನು ಕಡೆಗೆ ತಡೆಯಲು ಮುಂದಾಗುತ್ತಾಳೆ. ನಿರಾಕರಣೆಯಿಂದ ಮೊದಲಾದ ಸ್ವಾತಂತ್ರ್ಯ ಅದರಿಂದಲೇ ಪೂರ್ಣವಾಗದು. ಆ 'ಒಲ್ಲೆ'ಯನ್ನು ಕೇಳಿಸಿಕೊಳ್ಳುವ ಒಂದು ಜೀವವಾದರೂ ಬೇಕು. ಈ ಕೃತಿಗಳು ಓದುಗರಿಂದ ಅಪೇಕ್ಷಿಸುವುದೂ ಅದನ್ನೇ.